ಗುದ್ದಿದ ಮೇಲೆ ಸ್ಟಾರ್ಟ್ ಆದ ಕಾರು

“ಇಷ್ಟು ಸಣ್ಣ ಕಾರು ನೋಡ್ಲಿಕ್ಕೆ ಇಷ್ಟು ಹೊತ್ತು ಎಂತಕ್ಕೆ ಮೇಡಂ?”

ಸಬ್ ಇನ್ಸ್‌ಪೆಕ್ಟರ್ ಕೌಶಲ್ ಕೇಳಿದ್ದು ದೀಪಶ್ರೀಯ ಕಿವಿಗೆ ಬಿತ್ತು. ಅವಳು ಠಾಣೆಯ ಅಂಗಳದಲ್ಲಿ ಮೊಣಕಾಲೂರಿ, ಬಿಳಿ ಬಣ್ಣದ ಪುಟ್ಟ ಎಲೆಕ್ಟ್ರಿಕ್ ಕಾರಿನ ಬಂಪರಿಗೆ ಮೂಗು ತಾಗುವಷ್ಟು ಬಗ್ಗಿದ್ದಳು. ನೋಡುವುದು ಮುಗಿಯದೆ ಮಾತಾಡುವುದು ಅವಳ ಜಾಯಮಾನವಲ್ಲ.

ಕಾಗದದಲ್ಲಿ ಅವಳ ಹುದ್ದೆಯ ಹೆಸರು ಮೋಟಾರು ವಾಹನ ನಿರೀಕ್ಷಕಿ. ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು. ಹೆಂಗಸು ಬ್ರೇಕ್ ಇನ್ಸ್‌ಪೆಕ್ಟರಾ ಎಂದು ಮೊದಮೊದಲು ಮೂಗಿನ ಮೇಲೆ ಬೆರಳಿಟ್ಟವರೇ ಈಗ ಮದುವೆಯ ಊಟದ ಸಾಲಿನಲ್ಲೂ ಅವಳನ್ನು ಬಿಡುತ್ತಿರಲಿಲ್ಲ. ‘ಮೇಡಂ, ಒಂದು ಸಣ್ಣ ಕಾರು ತೆಗೀಬೇಕು. ಕರೆಂಟಿದ್ದಾ, ಹೈಬ್ರಿಡ್ಡಾ?’ ಪಾಯಸ ಬರುವಷ್ಟರಲ್ಲಿ ಅವಳು ಇಬ್ಬರಿಗಾದರೂ ಸಲಹೆ ಕೊಟ್ಟಿರುತ್ತಿದ್ದಳು.

“ಈ ಗೀರು ಮನುಷ್ಯನಿಗೆ ಗುದ್ದಿ ಆದದ್ದಲ್ಲ,” ಎಂದಳು ಕೊನೆಗೆ. ಉಗುರಿನಲ್ಲಿ ಕೆರೆದು ಅಂಗೈ ಚಾಚಿದಳು. ಕೆಂಪು ಹುಡಿ. “ಕೆಂಪುಕಲ್ಲಿನ ಗೋಡೆಗೆ ಉಜ್ಜಿದ್ದು. ಗೇಟಿನ ಹತ್ತಿರ ತಿರುಗಿಸುವಾಗ ಯಾರಿಗೂ ಆಗುದೇ.”

“ಗೋಡೆಗೂ ಉಜ್ಜಿರಬಹುದು, ಮನುಷ್ಯನಿಗೂ ಗುದ್ದಿರಬಹುದು.”

ಕೌಶಲ್ ಕೆಟ್ಟವನಲ್ಲ. ಆದರೆ ಮುಚ್ಚಲು ಹೊರಟ ಕಡತಕ್ಕೆ ಅಡ್ಡ ಕೈ ಹಾಕಿದರೆ ಯಾವ ಪೊಲೀಸನಿಗೂ ಹಿತವೆನಿಸುವುದಿಲ್ಲ.

ನಿನ್ನೆ ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಕೋಡಿಂಬಾಳದ ಇಳಿಜಾರಿನಲ್ಲಿ ಹಾಲಿನ ಸೊಸೈಟಿಯ ಕಾರ್ಯದರ್ಶಿ ಮಹಾಲಿಂಗರನ್ನು ಒಂದು ಕಾರು ಗುದ್ದಿ ಕೊಂದಿತ್ತು. ರಸ್ತೆಯಲ್ಲಿ ಬ್ರೇಕ್ ಹಾಕಿದ ಗುರುತು ಒಂದು ಗೇಣೂ ಇರಲಿಲ್ಲ. ಬೇಕೆಂದೇ ಗುದ್ದಿದ್ದು ಎಂದು ಕೌಶಲ್ ಅಲ್ಲೇ ತೀರ್ಮಾನಿಸಿದ್ದ. ಮಧ್ಯಾಹ್ನವಾಗುವಷ್ಟರಲ್ಲಿ ಪಂಜದ ಬಾಡಿಗೆ ಕಾರಿನ ಶಮೀರ್ ಠಾಣೆಯ ಒಳಗಿದ್ದ, ಅವನ ಕಾರು ಅಂಗಳದಲ್ಲಿತ್ತು.

ಕಾರಣ ಊರಿಗೇ ಗೊತ್ತಿತ್ತು. ಮೂರು ದಿನದ ಹಿಂದೆ ಶಮೀರ್ ಸೊಸೈಟಿಯ ಗೋಡೆಯ ಪ್ಲಗ್ಗಿಗೆ ಕಾರಿನ ಕೇಬಲ್ ಸಿಕ್ಕಿಸಿದ್ದ. ಮಹಾಲಿಂಗರು ನಾಲ್ಕು ಜನರೆದುರು ಅದನ್ನು ಕಿತ್ತು ರಸ್ತೆಗೆ ಎಸೆದಿದ್ದರು. ಶಮೀರ್ “ನಿಮ್ಮನ್ನು ನೋಡಿಕೊಳ್ತೇನೆ” ಎಂದುಬಿಟ್ಟ. ಬಡವನ ಕೋಪ ದವಡೆಗೆ ಮೂಲ ಎಂಬುದು ಸುಳ್ಳಲ್ಲ. ಆ ಒಂದು ಮಾತು ಈಗ ಅವನನ್ನು ಕಂಬಿಯ ಹಿಂದೆ ಕೂರಿಸಿತ್ತು.

ಹೊರಗಿನ ಬೆಂಚಿನಲ್ಲಿ ಅವನ ಹೆಂಡತಿ ರಸೀನಾ ಕೂತಿದ್ದಳು. ಕಾರಿಗೆ ಸಂಬಂಧಪಟ್ಟದ್ದೆಲ್ಲ ತರಬೇಕೆಂದು ಪೊಲೀಸರು ಹೇಳಿದ್ದರಂತೆ. ಚಾರ್ಜಿಂಗ್ ಕೇಬಲ್ಲನ್ನು ಸುರುಳಿ ಸುತ್ತಿ, ಜವಳಿ ಅಂಗಡಿಯ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಬೆಳಗಿನಿಂದ ಅದನ್ನು ಕೇಳಿದವರಿಲ್ಲ, ಅವಳೂ ಕೆಳಗಿಟ್ಟಿರಲಿಲ್ಲ.

ದೀಪಶ್ರೀ ಒಳಗೆ ಹೋದಾಗ ಶಮೀರ್ ಎದ್ದು ನಿಂತ. ಅಳುತ್ತಿರಲಿಲ್ಲ. ಅತ್ತು ಮುಗಿದ ಮುಖ ಅದು.

“ಮೇಡಂ, ಇವತ್ತು ಬುಧವಾರ. ಮೂರು ಜನರನ್ನು ಡಯಾಲಿಸಿಸ್‌ಗೆ ಪುತ್ತೂರಿಗೆ ಕರಕೊಂಡು ಹೋಗ್ಬೇಕಿತ್ತು. ಅವರಿಗೆ ಬೇರೆ ಗಾಡಿ ಆಯ್ತಾ ಅಂತ ಒಮ್ಮೆ ಕೇಳಿಸ್ತೀರಾ?”

“ಕೇಳಿಸ್ತೇನೆ. ನಿನ್ನೆ ಬೆಳಿಗ್ಗೆ ನೀನು ಎಲ್ಲಿದ್ದೆ?”

“ಮನೆಯಲ್ಲಿ ಮೇಡಂ. ಮಲಗಿದ್ದೆ. ಮೊನ್ನೆ ಮಲಗುವಾಗ ಕಾರು ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ಫುಲ್ ಇತ್ತು.”

“ಅಲ್ಲೇ ಸಿಕ್ಕಿಬಿದ್ದದ್ದು ಇವನು,” ಎಂದ ಕೌಶಲ್ ಬಾಗಿಲಲ್ಲಿ ನಿಂತು. “ಆರು ಗಂಟೆಗೆ ಕಾರು ಚಾರ್ಜಿನಲ್ಲಿತ್ತು ಅಂತ ನಿನ್ನೆ ಹೇಳಿದ್ದ. ಪಂಜದಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೋದ ಕರೆಂಟು ಬಂದದ್ದು ಸಾಯಂಕಾಲ. ನಾನೇ ವಿಚಾರಿಸಿದ್ದೇನೆ. ಸುಳ್ಳು!”

“ಮಲಗಿದವನಿಗೆ ಕರೆಂಟ್ ಹೋದದ್ದು ಹೇಗೆ ಗೊತ್ತಾಗ್ಬೇಕು ಸಾರ್?” ಎಂದ ಶಮೀರ್ ಮೆಲ್ಲಗೆ.

ದೀಪಶ್ರೀ ಅಂಗಳಕ್ಕೆ ಬಂದಳು, ಹಿಂದೆಯೇ ಕೌಶಲ್. ಕಾರಿನೊಳಗೆ ಕೂತು ಗುಂಡಿ ಒತ್ತಿದಳು. ಎದುರಿನ ಪರದೆಯಲ್ಲಿ ಅಂಕಿ ಮೂಡಿತು. ತೊಂಬತ್ತೆರಡು.

“ಇದನ್ನು ಪಂಜದಿಂದ ಇಲ್ಲಿಗೆ ತಂದದ್ದು ಎಳಕೊಂಡಾ, ಓಡಿಸಿಕೊಂಡಾ?”

“ನಮ್ಮವರೇ ಓಡಿಸಿಕೊಂಡು ಬಂದದ್ದು. ಎಂತಕ್ಕೆ?”

“ತುಂಬ ಚಾರ್ಜ್ ಇದ್ರೆ ಇದು ಇನ್ನೂರು ಕಿಲೋಮೀಟರ್ ಹೋಗ್ತದೆ. ಪಂಜದಿಂದ ಇಲ್ಲಿಗೆ ಒಂದು ಸಲ ಬಂದ್ರೆ ಏಳೆಂಟು ಇಳೀತದೆ. ನೂರರಿಂದ ತೊಂಬತ್ತೆರಡು, ಲೆಕ್ಕ ಸರಿ ಉಂಟು. ಅದಕ್ಕಿಂತ ಮೊದಲು ಬೆಳಿಗ್ಗೆಯೂ ಇವ ಕೋಡಿಂಬಾಳಕ್ಕೆ ಬಂದು ಹೋಗಿದ್ರೆ ಇದು ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ತೋರಿಸ್ಬೇಕಿತ್ತು.”

“ಗುದ್ದಿ ಮನೆಗೆ ಹೋಗಿ ಪುನಃ ಚಾರ್ಜ್ ಹಾಕಿರಬಹುದಲ್ಲ?”

“ಯಾವ ಕರೆಂಟಿನಲ್ಲಿ ಕೌಶಲ್? ನಾಲ್ಕು ಗಂಟೆಯಿಂದ ಕರೆಂಟ್ ಇರ್ಲಿಲ್ಲ ಅಂತ ವಿಚಾರಿಸಿ ಬಂದದ್ದು ನೀವೇ.”

ತಾನು ಹೂಡಿದ ಬಾಣ ತನ್ನತ್ತಲೇ ತಿರುಗಿದ್ದು ಕೌಶಲನಿಗೆ ತಿಳಿಯಿತು. ಆದರೂ ಸೋಲೊಪ್ಪಲಿಲ್ಲ.

“ಮೇಡಂ, ಈ ಶೇಕಡಾ ಲೆಕ್ಕ ನಿಮಗೆ ಸರಿ. ನನ್ನ ಹತ್ತಿರ ಇರುದು ಸಾಕ್ಷಿ. ಇಳಿಜಾರಿನ ಮೇಲಿನ ಮನೆಯ ರುಖಿಯಮ್ಮ ಸ್ವಂತ ಕಿವಿಯಲ್ಲಿ ಕೇಳಿದ್ದಾರೆ. ಗುದ್ದಿದ್ದು ಕರೆಂಟು ಕಾರು. ಈ ಸುತ್ತಿನಲ್ಲಿ ಕರೆಂಟು ಕಾರು ಇರುದು ಶಮೀರನದ್ದು ಒಂದೇ. ಮೂರು ಗಂಟೆಗೆ ಇವನನ್ನು ಪುತ್ತೂರಿನ ಕೋರ್ಟಿಗೆ ಹಾಜರು ಮಾಡ್ಬೇಕು, ಕೊಲೆ ಕೇಸಿನಲ್ಲಿ. ಬ್ರೇಕ್ ಸರಿ ಉಂಟಾ ಇಲ್ವಾ, ಅಷ್ಟು ಬರೆದುಕೊಡಿ.”

ಅವನು ಹೇಳಿಕೆಯ ಹಾಳೆಯನ್ನು ಮುಂದಿಟ್ಟ. ದೀಪಶ್ರೀ ಓದಿದಳು. ‘...ಶಬ್ದವಿಲ್ಲದ ಕರೆಂಟು ಕಾರೊಂದು ಇಳಿಜಾರಿನಲ್ಲಿ ಬಂದು ಮೃತರಿಗೆ ಡಿಕ್ಕಿ ಹೊಡೆದು, ಸ್ವಲ್ಪ ಸಮಯ ನಿಂತು, ನಂತರ ಸದರಿ ಸ್ಥಳದಿಂದ ಹೊರಟುಹೋಗಿರುವುದು ನನ್ನ ಕಿವಿಗೆ ಬಿದ್ದಿರುತ್ತದೆ...’ ಕೆಳಗೆ ರುಖಿಯಮ್ಮನ ಹೆಬ್ಬೆಟ್ಟು.

ಎಪ್ಪತ್ತು ದಾಟಿದ, ಮನೆಯಲ್ಲಿ ಬ್ಯಾರಿ ಭಾಷೆ ಆಡುವ ಹೆಂಗಸೊಬ್ಬಳು ಜನ್ಮದಲ್ಲೊಮ್ಮೆಯೂ ‘ಸದರಿ ಸ್ಥಳ’ ಎಂದಿರಲಾರಳು. ಹಾಗಾದರೆ ಅವಳು ನಿಜವಾಗಿ ಹೇಳಿದ್ದೇನು? ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ದೀಪಶ್ರೀ ಕೋಡಿಂಬಾಳಕ್ಕೆ ಹೊರಟಳು.

*

ರುಖಿಯಮ್ಮ ಜಗಲಿಯಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ಕಲ್ಲು ಹುಡುಕುತ್ತಿದ್ದದ್ದು ಬೆರಳು. ಜಗಲಿಯ ಕೆಳಗೇ ರಸ್ತೆ. ಮಹಾಲಿಂಗರು ಬಿದ್ದ ಜಾಗಕ್ಕೆ ಯಾರೋ ಎರಡು ಬುಟ್ಟಿ ಮಣ್ಣು ಹಾಕಿದ್ದರು.

“ಪೊಲೀಸರಿಗೆ ಎಲ್ಲ ಹೇಳಿ ಆಯ್ತಲ್ಲ ಮಗಳೇ. ಇನ್ನು ಎಂತ ಉಂಟು?”

“ನಾನು ಬರೀಲಿಕ್ಕೆ ಬಂದದ್ದಲ್ಲ ರುಖಿಯಮ್ಮ. ಬರೀ ಕೇಳುದು. ನಿಮಗೆ ಎಂತ ಕೇಳಿತೋ ಅದನ್ನು ನಿಮ್ಮ ಬಾಯಲ್ಲೇ ಇನ್ನೊಮ್ಮೆ ಹೇಳಿ.”

ರುಖಿಯಮ್ಮ ಗೆರಸೆಯನ್ನು ಬದಿಗೆ ಸರಿಸಿದಳು.

“ಬೆಳಗಿನ ಸುಬಹಿ ನಮಾಜು ಮುಗಿಸಿ ಇಲ್ಲಿ ಕೂತಿದ್ದೆ. ದಿನಾ ಕೂರುದು. ಕೆಳಗೆ ಮಹಾಲಿಂಗಣ್ಣನ ಕೆಮ್ಮು ಕೇಳಿತು. ಹಾಲಿನ ಕ್ಯಾನಿನ ಸೌಂಡಿಗಿಂತ ಮೊದಲು ನಮಗೆ ಅವರ ಕೆಮ್ಮೇ ಕೇಳುದು. ಮೇಲಿಂದ ಕಾರು ಬಂತು. ಎಂಜಿನ್ನಿನ ಸೌಂಡಿಲ್ಲ. ಟಯರು ಜಲ್ಲಿ ಮೇಲೆ ಬರುವಾಗ ಚರಚರ ಅಂತದಲ್ಲ, ಅಷ್ಟೇ. ಮತ್ತೆ ಗುದ್ದಿದ್ದು.” ಅವಳು ಸ್ವಲ್ಪ ತಡೆದಳು. “ಆ ಸೌಂಡು ಹೇಗಿತ್ತು ಅಂತ ಮಾತ್ರ ಕೇಳ್ಬೇಡ.”

“ಇಲ್ಲ, ಕೇಳುದಿಲ್ಲ. ಮತ್ತೆ?”

“ನಿಂತಿತು. ಒಂದು ಫಾತಿಹಾ ಓದಿ ಮುಗಿಯುವಷ್ಟು ಹೊತ್ತು. ಬಾಗಿಲು ತೆಗೆದದ್ದು ಕೇಳಿತು, ಹಾಕಿದ್ದು ಕೇಳಿತು. ಯಾರೋ ಇಳಿದು ನೋಡಿದ್ದಾರೆ. ನೋಡಿ ಬಿಟ್ಟು ಹೋಗಿದ್ದಾರೆ ಮಗಳೇ! ನಾನು ಕೂಗಿದೆ. ಉತ್ತರ ಇಲ್ಲ. ಮತ್ತೆ ಕಾರು ಸ್ಟಾರ್ಟ್ ಆಯ್ತು, ಹೋಯ್ತು.”

ದೀಪಶ್ರೀ ಎದ್ದು ನಿಲ್ಲಲು ಹೋದವಳು ಅಲ್ಲೇ ಕೂತಳು.

“ಎಂತ ಹೇಳಿದ್ರಿ?”

“ಸ್ಟಾರ್ಟ್ ಆಯ್ತು ಅಂತ.”

“ಸ್ಟಾರ್ಟ್ ಆಯ್ತು ಅಂದ್ರೆ... ಹೊರಟಿತು ಅಂತಲಾ?”

“ಹೊರಡುದು ಬೇರೆ, ಸ್ಟಾರ್ಟ್ ಆಗುದು ಬೇರೆ ಮಾರಾಯ್ತಿ! ನೀನು ಬ್ರೇಕ್ ಇನ್ಸ್‌ಪೆಕ್ಟರು, ನಿನಗೆ ನಾನು ಹೇಳಿಕೊಡುದಾ? ಸೌಂಡಿಲ್ಲದೆ ಚೂರು ದೂರ ಹೋಯ್ತು. ಅಲ್ಲಿ ಮೋರಿ ದಾಟಿ ಏರು ಉಂಟಲ್ಲ, ಅದು ಹತ್ತುವಾಗ ಡುರ್ ಅಂತ ಸ್ಟಾರ್ಟ್ ಆಯ್ತು. ನಮ್ಮ ಆಚೆಮನೆ ಅದ್ದುವಿನ ಪೆಟ್ರೋಲ್ ಕಾರಿನ ಹಾಗೇ.”

“ಪೊಲೀಸರ ಹತ್ತಿರವೂ ಹೀಗೇ ಹೇಳಿದ್ರಾ?”

“ಹೀಗೇ ಹೇಳಿದ್ದು. ಅವರು ಬರೆದು ಓದಿ ಹೇಳಿದರು. ಆ ಪುಸ್ತಕದ ಭಾಷೆ ನನಗೆ ಎಂತ ಅರ್ಥ ಆಗ್ತದೆ? ಹೆಬ್ಬೆಟ್ಟು ಕೊಟ್ಟೆ.”

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ ಮಾತು ಹೋಗಿದ್ದಲ್ಲ, ಬರೆಯುವಾಗ ಹೋದದ್ದು. ‘ಸ್ಟಾರ್ಟ್ ಆಯಿತು’ ಎಂಬ ಇಂಗ್ಲಿಷು ಸರ್ಕಾರಿ ಕಾಗದಕ್ಕೆ ಚೆಂದವಲ್ಲ ಎಂದು ಯಾರೋ ಪುಣ್ಯಾತ್ಮ ಅದನ್ನು ಶುದ್ಧ ಕನ್ನಡಕ್ಕೆ ತಿರುಗಿಸಿ ‘ಹೊರಟುಹೋಗಿರುವುದು’ ಎಂದು ಬರೆದಿದ್ದ. ಕನ್ನಡ ಉಳಿಯಿತು, ಶಮೀರ್ ಕೆಟ್ಟ.

ಏಕೆಂದರೆ ಎಲೆಕ್ಟ್ರಿಕ್ ಕಾರಿನಲ್ಲಿ ಡುರ್ ಎನ್ನಲು ಏನೂ ಇಲ್ಲ. ಏರಿರಲಿ, ಇಳಿಜಾರಿರಲಿ, ಅದರದ್ದು ಒಂದೇ ಮೌನ. ಹೈಬ್ರಿಡ್ ಹಾಗಲ್ಲ. ಅದರಲ್ಲಿ ಬ್ಯಾಟರಿಯೂ ಉಂಟು, ಪೆಟ್ರೋಲ್ ಎಂಜಿನ್ನೂ ಉಂಟು. ಇಳಿಜಾರಿನಲ್ಲಿ, ನಿಧಾನದಲ್ಲಿ ಬ್ಯಾಟರಿಯಿಂದ ಸದ್ದಿಲ್ಲದೆ ಬರುತ್ತದೆ. ಏರು ಸಿಕ್ಕಿ ಬಲ ಸಾಲದೆ ಹೋದಾಗ ಎಂಜಿನ್ ತನ್ನಷ್ಟಕ್ಕೇ ಎದ್ದುಕೊಳ್ಳುತ್ತದೆ. ಗುದ್ದಿದ ಮೇಲೆ ಸ್ಟಾರ್ಟ್ ಆಗುವ ಕಾರು ಅದೊಂದೇ.

“ಮತ್ತೆ ಕರೆಂಟು ಕಾರು ಅಂತ ಯಾಕೆ ಹೇಳಿದ್ದು ರುಖಿಯಮ್ಮ?”

“ಸೌಂಡಿಲ್ಲದೆ ಬರುವ ಕಾರಿಗೆ ನಾವು ಕರೆಂಟು ಕಾರು ಅಂತಲೇ ಹೇಳುದು. ಶಮೀರನದ್ದೂ ಕರೆಂಟು ಕಾರು, ನಮ್ಮ ಪರಮೇಶ್ವರಿ ಟೀಚರದ್ದೂ ಕರೆಂಟು ಕಾರು.” ಅಷ್ಟು ಹೇಳಿದವಳು ತಟ್ಟನೆ ತಲೆಯೆತ್ತಿದಳು. “ಶಮೀರನನ್ನು ಹಿಡಿದದ್ದು ಜಗಳಕ್ಕಲ್ವಾ? ನನ್ನ ಮಾತಿಗಾ?”

“ಹೌದು,” ಎಂದಳು ದೀಪಶ್ರೀ.

“ಯಾ ಅಲ್ಲಾಹ್. ಈ ಕಣ್ಣಿನ ಆಪರೇಷನ್‌ಗೆ ನನ್ನನ್ನು ಕರಕೊಂಡು ಹೋದದ್ದು ಅವನೇ ಮಗಳೇ. ಕೈ ಹಿಡಿದು ಮೆಟ್ಟಿಲು ಇಳಿಸಿದ ಹುಡುಗ. ನಾನು ಬಂದು ಹೇಳ್ತೇನೆ. ಯಾವ ಕೋರ್ಟಿಗೆ ಬೇಕಾದರೂ ಬರ್ತೇನೆ!”

ಮುದುಕಿ ಆಗಲೇ ಏಳಲು ಹೊರಟಿದ್ದಳು. ದೀಪಶ್ರೀ ಕೈ ಹಿಡಿದು ಕೂರಿಸಿದಳು. ಸಮಾಧಾನ ಹೇಳಬೇಕಿದ್ದವಳು ಅವಳು. ಆದರೆ ಅವಳ ತಲೆಯಲ್ಲಿ ಉಳಿದದ್ದು ಮುದುಕಿ ಹೇಳಿದ ಇನ್ನೊಂದು ಹೆಸರು.

ಪರಮೇಶ್ವರಿ ಟೀಚರ್.

ಕೌಶಲನಿಗೆ ಫೋನು ಮಾಡಿ ‘ಸ್ಟಾರ್ಟ್’ ಎಂಬ ಮಾತಿನ ವಿಷಯ ಹೇಳಿದಳು. ಅವನು, “ಅಲ್ಲಿಗೇ ಬರ್ತೇನೆ, ಇನ್ನೊಮ್ಮೆ ಹೇಳಿಕೆ ತಗೊಳ್ತೇನೆ. ಆದ್ರೆ ಬೇರೆ ಕಾರು ಯಾವುದು ಅಂತ ಇಲ್ಲದೆ ಇವನನ್ನು ಬಿಡ್ಲಿಕ್ಕೆ ಆಗುದಿಲ್ಲ ಮೇಡಂ,” ಎಂದ. ಯಾವ ಕಾರು ಎಂದು ಅವಳು ಆಗ ಹೇಳಲಿಲ್ಲ. ಅದು ತಪ್ಪೆಂದು ಗೊತ್ತಿದ್ದೂ ಹೇಳಲಿಲ್ಲ.

ಫೋನು ಕೆಳಗಿಡುವಷ್ಟರಲ್ಲಿ ಅದು ಮತ್ತೆ ಹೊಡೆದುಕೊಂಡಿತು. ಗಂಡ ಶ್ರೀಶ. ಸುಳ್ಯದ ಎರಡು ದಿನದ ಲೈಸೆನ್ಸ್ ಕ್ಯಾಂಪಿಗೆಂದು ಹೋಗಿ ತಾಯಿಯ ಮನೆಯಲ್ಲಿ ಉಳಿದಿದ್ದ ದೀಪಶ್ರೀ ಮೊನ್ನೆಯಿಂದ ಪುತ್ತೂರಿನ ಮನೆಯ ಮುಖವನ್ನಾಗಲಿ ಮಗಳ ಮುಖವನ್ನಾಗಲಿ ನೋಡಿರಲಿಲ್ಲ.

“ಮಧ್ಯಾಹ್ನ ಊಟಕ್ಕಾದರೂ ಬರ್ತಿಯಾ? ಚಿನ್ಮಯೀ ನಿನ್ನೆಯಿಂದ ಸರಿ ಉಣ್ತಾ ಇಲ್ಲ. ಕಾಲೇಜಿಗೂ ಹೋಗ್ಲಿಲ್ಲ.”

“ಜ್ವರವಾ?”

“ಅಲ್ಲ. ನೀನು ಬಾ, ಮಾತಾಡುವ.”

“ಸಂಜೆಗೆ ಬರ್ತೇನೆ. ಕೋಡಿಂಬಾಳದಲ್ಲಿದ್ದೇನೆ.”

“ಹ್ಞೂಂ,” ಎಂದು ಶ್ರೀಶ ಫೋನಿಟ್ಟ.

*

ನರಿಮೊಗರಿನಲ್ಲಿ ದೀಪಶ್ರೀ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪರಮೇಶ್ವರಿ ಅವಳ ಲೆಕ್ಕದ ಟೀಚರು. ಅಳತೆಯಲ್ಲಿ ನಾಲ್ಕೂಮುಕ್ಕಾಲು ಅಡಿ, ಶಿಸ್ತಿನಲ್ಲಿ ಆಳೆತ್ತರ. ಮದುವೆಯಾಗಲಿಲ್ಲ. ನಿವೃತ್ತಿಯ ಮೇಲೆ ಕೋಡಿಂಬಾಳದಲ್ಲಿ ಸಣ್ಣ ತಾರಸಿ ಮನೆ ಕಟ್ಟಿಸಿ, ಅರವತ್ತೆರಡರಲ್ಲಿ ಕಾರು ಕಲಿತರು. ಲೈಸೆನ್ಸಿನ ಪರೀಕ್ಷೆಗೆ ಬಂದಾಗ ರಿವರ್ಸ್ ಸರಿ ಹಾಕಲಿಲ್ಲವೆಂದು ಅವರನ್ನು ಫೇಲ್ ಮಾಡಿದ್ದು ಇದೇ ದೀಪಶ್ರೀ. ಊರೆಲ್ಲ ನಕ್ಕಿತು. ಟೀಚರ್ ಮಾತ್ರ, “ಸರಿ ಮಾಡಿದ್ದಿ. ನಾನೂ ನಿನ್ನನ್ನು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡದೆ ಬಿಟ್ಟಿರ್ಲಿಲ್ಲ,” ಎಂದು ಬೆನ್ನು ತಟ್ಟಿ, ಎರಡನೇ ಸಲ ಪಾಸಾಗಿ ಹೋಗಿದ್ದರು.

ಅಂದಿನಿಂದ ಛಲಕ್ಕೆ ಬಿದ್ದವರಂತೆ ಅವರು ಶೆಡ್ಡಿಗೆ ಕಾರನ್ನು ರಿವರ್ಸಿನಲ್ಲೇ ಹಾಕುವುದು. ಮೂತಿ ಯಾವಾಗಲೂ ರಸ್ತೆಗೆ. ಲೆಕ್ಕ ಹೇಳಿಸಿಕೊಳ್ಳಲು ಆಗಾಗ ಬಂದು ಉಳಿಯುವ ಚಿನ್ಮಯೀ ಸ್ಟೇರಿಂಗ್ ಹಿಡಿಯಲು ಕಲಿತದ್ದೂ ಅದೇ ಕಾರಿನಲ್ಲಿ.

ಆ ಕಾರನ್ನು ಆರಿಸಿಕೊಟ್ಟವಳೂ ದೀಪಶ್ರೀಯೇ. ಹೊಗೆ ಇಲ್ಲದ್ದು ಬೇಕು, ಕರೆಂಟಿನದ್ದೇ ತೆಗೆಯುತ್ತೇನೆ ಎಂದಿದ್ದರು ಟೀಚರ್. “ನಿಮ್ಮ ಊರಿನ ಕರೆಂಟನ್ನು ನಂಬಿ ಕಾರು ತೆಗೀಬೇಡಿ, ಹೈಬ್ರಿಡ್ ತೆಗೀರಿ,” ಎಂದಿದ್ದಳು ಇವಳು. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡುವ ಶಮೀರನಿಗೆ, “ನಿನಗೆ ಕರೆಂಟಿನದ್ದೇ ಸರಿ,” ಎಂದಿದ್ದಳು. ಎರಡೂ ಒಳ್ಳೆಯ ಸಲಹೆಯೇ.

ಈಗ ಟೀಚರ ಮನೆಯ ಗೇಟು ತೆರೆದಾಗ ಮೊದಲು ಕಂಡದ್ದು ಕಾರಿನ ಹಿಂಭಾಗ. ಮೂತಿ ಗೋಡೆಗಿತ್ತು.

ದೀಪಶ್ರೀ ಬಾಗಿಲು ಬಡಿಯಲಿಲ್ಲ. ನೇರ ಶೆಡ್ಡಿಗೆ ನಡೆದು, ಗೋಡೆಗೂ ಕಾರಿಗೂ ನಡುವಿನ ಒಂದಡಿ ಜಾಗದಲ್ಲಿ ಸೊಂಟ ಅಡ್ಡ ಮಾಡಿ ನುಸುಳಿದಳು. ಎಡಗಡೆಯ ಹೆಡ್‌ಲೈಟಿನ ಗಾಜು ಒಡೆದಿತ್ತು. ಬಾನೆಟ್ಟು ತಟ್ಟೆಯಂತೆ ತಗ್ಗಿತ್ತು. ಕಾರನ್ನು ಚೆನ್ನಾಗಿ ತೊಳೆದಿದ್ದರು. ಗುರುತು ಎಷ್ಟು ತೊಳೆದರೆ ಹೋದೀತು?

“ಬಾ ದೀಪಾ. ಬರ್ತಿ ಅಂತ ಗೊತ್ತಿತ್ತು,” ಎಂಬ ಸ್ವರ ಹಿಂದಿನಿಂದ ಬಂತು. ಟೀಚರ್ ಸೆರಗಿಗೆ ಕೈ ಒರಸಿಕೊಳ್ಳುತ್ತ ನಿಂತಿದ್ದರು. ಒಂದೇ ದಿನದಲ್ಲಿ ಹತ್ತು ವರ್ಷ ಮುದಿಯಾಗಿದ್ದರು.

“ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಈ ಕಾರು ಎಲ್ಲಿತ್ತು ಟೀಚರ್?”

“ಇಳಿಜಾರಿನಲ್ಲಿ. ಓಡಿಸಿದ್ದು ನಾನೇ.”

ಇಷ್ಟು ಸುಲಭವಾಗಿ ಬಂದ ಉತ್ತರ ದೀಪಶ್ರೀಯನ್ನು ಹೆದರಿಸಿತು. ಅವಳಿಗೆ ಟೀಚರನ್ನು ತಬ್ಬಿಕೊಂಡು ಅತ್ತುಬಿಡಬೇಕು ಎನಿಸಿತು. ಅಳುವ ಹಕ್ಕು ಇವತ್ತು ತನ್ನದಲ್ಲ ಎಂದು ನೆನಪಾಗಿ ತಡೆದುಕೊಂಡಳು.

“ಅಷ್ಟು ಬೆಳಿಗ್ಗೆ ಎಲ್ಲಿಗೆ ಹೊರಟದ್ದು?”

“ದೇವಸ್ಥಾನಕ್ಕೆ.”

“ಬ್ರೇಕ್ ಹಾಕ್ಲಿಲ್ವಾ?”

“ಅವರು ತಟ್ಟನೆ ಅಡ್ಡ ಬಂದರು. ಹಾಕ್ಲಿಕ್ಕೆ ಹೊತ್ತು ಸಿಗ್ಲಿಲ್ಲ.”

“ಗುದ್ದಿದ ಮೇಲೆ?”

“ಗಾಬರಿ ಆಯ್ತು. ಹಾಗೇ ಬಂದುಬಿಟ್ಟೆ.”

“ಇಳಿದು ನೋಡ್ಲಿಲ್ವಾ?”

“ಇಲ್ಲ. ಇಳಿಯಲೇ ಇಲ್ಲ.”

ದೀಪಶ್ರೀ ಕಣ್ಣು ಮುಚ್ಚಿ ತೆರೆದಳು. “ರುಖಿಯಮ್ಮ ಬಾಗಿಲು ತೆಗೆದದ್ದು ಕೇಳಿದ್ದಾರೆ, ಹಾಕಿದ್ದು ಕೇಳಿದ್ದಾರೆ. ಓಡಿಸಿದವರು ಇಳಿದಿದ್ದಾರೆ ಟೀಚರ್. ಮಹಾಲಿಂಗರ ಮುಖ ನೋಡಿ ಹೋಗಿದ್ದಾರೆ.”

“ಇಳಿದೆನೋ ಏನೋ. ನೆನಪಿಲ್ಲ.”

“ಹಾಗಾದ್ರೆ ಇಲ್ಲಿ ಬನ್ನಿ. ಸ್ಟೇರಿಂಗಿನ ಎದುರು ಕೂತು ತೋರಿಸಿ.”

“ಎಂತಕ್ಕೆ?”

“ನಾನು ಬ್ರೇಕ್ ಇನ್ಸ್‌ಪೆಕ್ಟರು. ಕೂತುಕೊಳ್ಳಿ.”

ಪರೀಕ್ಷೆಯ ಮೈದಾನದಲ್ಲಿ ಕೂತ ಹಾಗೆಯೇ ಟೀಚರ್ ಕೂತರು. ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ಅವರು ಯಾವಾಗಲೂ ಸೊಂಟದ ಹಿಂದೆ ಇಟ್ಟುಕೊಳ್ಳುವ ದಿಂಬು ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಕಾಲು ಚಾಚಿದರು. ಚಪ್ಪಲಿಯ ತುದಿಗೂ ಬ್ರೇಕಿಗೂ ನಡುವೆ ಒಂದು ಗೇಣು ಅಂತರ ಉಳಿಯಿತು.

ಇಬ್ಬರೂ ಆ ಒಂದು ಗೇಣನ್ನು ನೋಡಿದರು.

“ಓಡಿಸಿದವರಿಗೆ ಉದ್ದ ಕಾಲು,” ಎಂದಳು ದೀಪಶ್ರೀ. “ತೊಳೆಯುವಾಗ ಒಳಗೆ ನೋಡ್ಲಿಕ್ಕೆ ನಿಮಗೆ ನೆನಪಾಗ್ಲಿಲ್ಲ. ನಿಮಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ ಟೀಚರ್.”

ಟೀಚರ್ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ತರಗತಿಯಲ್ಲಿ ಕೊನೆಯ ಹೆಜ್ಜೆ ಬಿಡಿಸಿ ತೋರಿಸುವ ಸ್ವರದಲ್ಲಿ ಹೇಳಿದರು.

“ಕೇಳು ದೀಪಾ. ಕಾರು ನನ್ನದು, ಒಪ್ಪಿಕೊಂಡದ್ದು ನಾನು. ಈ ಸೀಟನ್ನು ಮುಂದಕ್ಕೆ ಎಳೀಲಿಕ್ಕೆ ಎಷ್ಟು ಹೊತ್ತು ಬೇಕು? ನೀನು ನೋಡಿದ್ದು ನಿನಗೆ ಮಾತ್ರ ಗೊತ್ತಿರುದು. ನಾನೇ ಅಂತ ಬರಿ. ಶಮೀರ ಕೋರ್ಟಿನ ಮೆಟ್ಟಿಲು ಹತ್ತದೆ ಮನೆಗೆ ಹೋಗ್ತಾನೆ. ಅವನನ್ನು ಹಿಡಿದರು ಅಂತ ಕೇಳಿದಾಗಿನಿಂದ ನನಗೆ ಒಂದು ತುತ್ತು ಇಳಿಯಲಿಲ್ಲ. ಇವತ್ತು ನೀನು ಬಾರದಿದ್ರೆ ನಾನೇ ಠಾಣೆಗೆ ಹೋಗ್ತಿದ್ದೆ.”

“ನಿಮ್ಮನ್ನು ಕಳಿಸಿ ಅವನನ್ನು ಬಿಡಿಸುದಾ? ನಿರಪರಾಧಿಯ ಜಾಗದಲ್ಲಿ ಇನ್ನೊಬ್ಬ ನಿರಪರಾಧಿ?”

“ನನಗೆ ಅರವತ್ತಾರು. ಅವನಿಗೆ ಹೆಂಡತಿ ಉಂಟು. ನಂಬಿಕೊಂಡ ಮೂರು ರೋಗಿಗಳು ಉಂಟು. ಲೆಕ್ಕ ಸರಿಯೇ ಉಂಟಲ್ಲ.”

“ಇದು ಲೆಕ್ಕ ಅಲ್ಲ ಟೀಚರ್!”

ಕೂಗು ಜೋರಾಗಿಯೇ ಬಂತು. ಟೀಚರೆದುರು ಹೀಗೆ ಸ್ವರ ಏರಿಸಿದ್ದು ಜೀವಮಾನದಲ್ಲೇ ಮೊದಲು. ಆದರೂ ಆ ಲೆಕ್ಕ ದೀಪಶ್ರೀಯ ತಲೆಯೊಳಗೆ ಆಗಲೇ ನಡೆದಿತ್ತು. ಹನ್ನೆರಡೂವರೆ ಗಂಟೆ. ಒಡೆದ ಹೆಡ್‌ಲೈಟಿನ ಬಗ್ಗೆ ಮಾತ್ರ ಬರೆದರೆ ಸಾಕು, ಶಮೀರ್ ಹೊರಗೆ ಬರುತ್ತಾನೆ. ಸೀಟಿನ ಬಗ್ಗೆ ಬರೆದರೆ ಟೀಚರ ಒಪ್ಪಿಗೆ ನೀರಿನಲ್ಲಿ ಹೋಮ. ಓಡಿಸಿದವರು ಸಿಗುವ ತನಕ ಕೌಶಲ್ ಶಮೀರನನ್ನು ಬಿಡುತ್ತಾನೋ ಇಲ್ಲವೋ, ಆ ದೇವರೇ ಬಲ್ಲ.

ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ರುಖಿಯಮ್ಮನಲ್ಲಿಂದ ಕೌಶಲ್ ಇಲ್ಲಿಗೇ ಬರುತ್ತಿದ್ದ. ‘ಟೀಚರದ್ದೂ ಕರೆಂಟು ಕಾರು’ ಎಂದು ಮುದುಕಿ ಅವನಿಗೂ ಹೇಳಿರಬೇಕು.

“ಯಾರು ಟೀಚರ್?” ದೀಪಶ್ರೀ ಕಾರಿನ ಬಾಗಿಲಿಗೆ ಬಗ್ಗಿ ಅವರ ಕೈ ಹಿಡಿದಳು. “ಕಾರು ಯಾರಿಗೆ ಕೊಟ್ಟಿದ್ರಿ? ಹೇಳಿ. ಜೀಪು ಬರುವಷ್ಟರಲ್ಲಿ ಹೇಳಿ.”

ಟೀಚರ್ ಕೈ ಬಿಡಿಸಿಕೊಂಡರು.

“ನಿಮಗೆ ಮಕ್ಕಳಿಲ್ಲ. ಅಣ್ಣ ತಮ್ಮಂದಿರಿಲ್ಲ. ನಿಮ್ಮವರು ಅಂತ ಯಾರಿದ್ದಾರೆ? ಯಾರಿಗೋಸ್ಕರ ಈ ವಯಸ್ಸಿನಲ್ಲಿ ಜೈಲಿಗೆ ಹೋಗುದು ನೀವು?”

ಜೀಪು ಗೇಟಿನ ಹೊರಗೆ ನಿಂತಿತು. ಕೌಶಲ್ ಇಳಿಯುವುದು ಕಾಣುತ್ತಿತ್ತು. ಪರಮೇಶ್ವರಿ ಟೀಚರ್ ಸೀಟಿನ ಕೆಳಗೆ ಕೈ ಹಾಕಿ, ಲಿವರ್ ಎತ್ತಿ, ಸೀಟನ್ನು ಮುಂದಕ್ಕೆ ಎಳೆದುಕೊಂಡರು. ಪಾದ ಬ್ರೇಕಿಗೆ ಸರಿಯಾಗಿ ತಾಗಿತು. ಆಮೇಲೆ ದೀಪಶ್ರೀಯ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷದಲ್ಲಿ ಅವಳು ಅದನ್ನು ಕಂಡಿರಲಿಲ್ಲ.

“ನನ್ನವರಾಗಿದ್ರೆ ನಾನೇ ಕಿವಿ ಹಿಡಿದು ಠಾಣೆಗೆ ಎಳಕೊಂಡು ಹೋಗ್ತಿದ್ದೆ ದೀಪಾ,” ಎಂದರು ಮೆಲ್ಲಗೆ. “ನಿನ್ನವಳು. ಚಿನ್ಮಯೀ.”